ಬುಟ್ಟಿಗೆ ಬಿದ್ದ ಮಣಿಗಳು

ದೇವದುರ್ಗದಲ್ಲಿರುವ ತಂಗಿಯ ಮನೆಗೆ ಹೊರಟಾಗಲೆಲ್ಲ, ಬಸ್ಸು ಸಿರವಾರ ದಾಟುವಾಗ ಬೆಂದ ಭತ್ತದ ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಎದೆ ತುಂಬ ಎಳೆದುಕೊಳ್ಳುತ್ತೇನೆ. ಮಾನ್ವಿಯ ಅಕ್ಕಿ ಗಿರಣಿಯ ಹಿಂದಿದ್ದ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಗೋಡೆ, ಕೌದಿ, ಅವ್ವನ ಸೆರಗು ಎಲ್ಲಕ್ಕೂ ಇದೇ ವಾಸನೆಯಿತ್ತು. ಈಗ ಆ ಮನೆಯಿಲ್ಲ, ಅಪ್ಪ ಅವ್ವ ಇಲ್ಲ. ನಿಮ್ಮ ಬಾಲ್ಯಕ್ಕೂ ಇಂಥದೊಂದು ವಾಸನೆ ಇದ್ದೀತು.

ಅಪ್ಪ ಅವ್ವ ಇಬ್ಬರೂ ಆ ಗಿರಣಿಯಲ್ಲೇ ದುಡಿಯುತ್ತಿದ್ದರು. ಯಂತ್ರದ ಸದ್ದಿನಲ್ಲಿ ಬಾಯಿಮಾತು ಯಾರಿಗೂ ಕೇಳದು. ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಆ ರೂಢಿ ಮನೆಗೂ ಬಂದಿತ್ತು. ತಂಗಿ ನೀಲಿಗೆ ಐದು ತುಂಬಿದರೂ ಮಾತು ಬಂದಿರಲಿಲ್ಲ, ಆದರೆ ಕೈಯಲ್ಲಿ ಬೇಕಾದ್ದೆಲ್ಲ ಕೇಳುತ್ತಿದ್ದಳು, ನನ್ನೊಡನೆ ಜಗಳವನ್ನೂ ಆಡುತ್ತಿದ್ದಳು. ಅವಳಿಗೆ ಕಿವಿ ಕೇಳಿಸದೆಂಬುದು ನಮಗೆ ಹೊಳೆಯಲೇ ಇಲ್ಲ. ಎಂಥ ಮಂದಿ ನಾವು! ಕಂಡುಹಿಡಿದವರು ಅಂಗನವಾಡಿ ಟೀಚರ್. “ಯಕ್ಕಾ, ಈ ಹುಡುಗಿಗೆ ಕಿವಿ ಕೇಳಂಗಿಲ್ಲ ಅನಸ್ತದ. ರಾಯಚೂರಿಗೆ ಕರಕೊಂಡ್ ಹೋಗ್ರಿ, ಕಿವಿಗೆ ಮಷೀನ್ ಹಾಕ್ತಾರ. ಇನ್ನಾ ತಡ ಮಾಡಿದ್ರ ಮಾತು ಬರೂದು ಕಷ್ಟ ಅದ,” ಎಂದು ಅವ್ವನಿಗೆ ಹೇಳಿದರು. ಇಂಥ ಮಕ್ಕಳು ಅಲ್ಲೇ ಉಳಿದು ಕಲಿಯುವ ಶಾಲೆಯಿದೆ ಎಂದೂ ಸೇರಿಸಿದರು. ಹತ್ತು ವರ್ಷದ ನನ್ನ ತಲೆಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ಕಿವಿಯ ತಪಾಸಣೆಯಲ್ಲಿ ನೀಲಿ ನಪಾಸಾದರೆ ಅವಳನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ.

ರಾಯಚೂರಿನ ತಪಾಸಣೆ ಕೋಣೆಯಲ್ಲಿ ನಾನಿಲ್ಲದೆ ಅವಳು ಕೂರಲೊಲ್ಲಳು. ಅವಳ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬುಟ್ಟಿಗೊಂದು ಮಣಿ ಹಾಕಬೇಕೆಂದು ಆಟದಂತೆ ತೋರಿಸಿಕೊಟ್ಟರು. ಗಾಜಿನಾಚೆ ಕುಳಿತ ಮೇಡಂ ಸದ್ದಿನ ಗುಂಡಿ ಒತ್ತುವುದು ನನಗೆ ಓರೆಯಾಗಿ ಕಾಣುತ್ತಿತ್ತು. ಅವರ ಬೆರಳು ಇಳಿದೊಡನೆ ನಾನು ಲಂಗದ ಮರೆಯಲ್ಲಿ ಹೆಬ್ಬೆರಳು ಅಲುಗಿಸುತ್ತಿದ್ದೆ; ಅದನ್ನು ನೋಡಿ ನೀಲಿ ಮಣಿ ಹಾಕುತ್ತಿದ್ದಳು. ಒಂದು ಮಣಿಯೂ ತಪ್ಪದಂತೆ ನೋಡಿಕೊಂಡೆ. “ಕೇಳಸ್ತದ ಅಂತ ಕಾಣ್ತದ. ಮುಂದಿನ ವರ್ಷ ಒಮ್ಮಿ ಬರ್ರಿ, ನೋಡೂಣು,” ಎಂದರು ಮೇಡಂ. ಅವ್ವ ಅಲ್ಲೇ ಕೈ ಮುಗಿದು ಅತ್ತುಬಿಟ್ಟಳು.

ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಖುಷಿಯಿಂದ ಮಿರ್ಚಿ ಬಜ್ಜಿ ತರಲು ಹೋದ. ಪೊಟ್ಟಣ ಹಿಡಿದು ಹಿಂದಿನಿಂದ ಬರುತ್ತ, “ನೀಲೀ!” ಎಂದು ಕೂಗಿದ. ಅವಳು ತಿರುಗಲಿಲ್ಲ. ಇನ್ನೂ ಹತ್ತಿರ ಬಂದು ಕೂಗಿದ. ಅವಳ ಕೈ ನನ್ನ ಕೈಯಲ್ಲಿತ್ತು. ಒಮ್ಮೆ ಅದುಮಿದ್ದರೆ ಸಾಕಿತ್ತು, ತಿರುಗುತ್ತಿದ್ದಳು. ಮೂರನೇ ಸಲ ಅಪ್ಪನ ದನಿ ನಡುಗಿತು. ನನ್ನಿಂದ ತಡೆಯಲಾಗಲಿಲ್ಲ, ಅಳುತ್ತ ಎಲ್ಲ ಹೇಳಿಬಿಟ್ಟೆ.

“ಯಾಕವ್ವಾ ಹಿಂಗ ಮಾಡಿದಿ?”

“ಆಕಿನ್ನ ಇಲ್ಲೇ ಬಿಟ್ಟು ಬರ್ತೀರಿ ಅಂತ ಹೆದರಿಕಿ ಆತು ಯಪ್ಪಾ.”

ಅಪ್ಪ ಬಯ್ಯಲಿಲ್ಲ. ನೀಲಿಯನ್ನು ಹೆಗಲಿಗೇರಿಸಿಕೊಂಡು, ತಪಾಸಣೆ ಕೋಣೆಯ ಬಾಗಿಲು ಹಾಕುವ ಮೊದಲೇ ಮುಟ್ಟಬೇಕೆಂದು ಬಂದ ದಾರಿಯಲ್ಲೇ ಓಡಿದ. ನಾನು, ಅವ್ವ ಹಿಂದೆ ಹಿಂದೆ. ಎರಡನೇ ಸಲ ನನ್ನನ್ನು ಹೊರಗೆ ಕೂರಿಸಿ, ಅವಳನ್ನು ಅಪ್ಪನ ತೊಡೆಯ ಮೇಲೆ ಕೂರಿಸಿಕೊಂಡು ನೋಡಿದರು. ಬುಟ್ಟಿ ಖಾಲಿಯೇ ಉಳಿಯಿತಂತೆ.

ನೀಲಿಗೆ ಮಷೀನ್ ಬಂತು, ನಿಧಾನಕ್ಕೆ ಮಾತೂ ಬಂತು. ಕಿವಿ ಕೇಳದ ಮಕ್ಕಳ ತಾಯಂದಿರಿಗೆ ಎಲ್ಲಿ ಹೋಗಬೇಕು, ಯಾರನ್ನು ಕೇಳಬೇಕು ಎಂದು ಇವತ್ತು ದೇವದುರ್ಗದಲ್ಲಿ ತಿಳಿಸಿ ಹೇಳುವವಳು ಅವಳೇ. ಆದರೆ ನಾನು ಹೆದರಿದ್ದೂ ಸುಳ್ಳಾಗಲಿಲ್ಲ. ಆ ವರ್ಷದ ಜೂನ್‌ನಲ್ಲಿ ಅವಳನ್ನು ರಾಯಚೂರಿನ ಶಾಲೆಗೆ ಬಿಟ್ಟು ಬಂದೆವು. ಮರುದಿನ ಸಂಜೆ ಅಪ್ಪ ಗಿರಣಿಯಿಂದ ಬಂದವನು ಹೊಸ್ತಿಲಲ್ಲೇ ನಿಂತು, ಊಟವಾಯಿತೇ ಎಂದು ಕೇಳಲು ಕೈ ಎತ್ತಿದ. ಮನೆಯೊಳಗೆಲ್ಲ ಕಣ್ಣಾಡಿಸಿದ. ಆಮೇಲೆ ಕೈ ಇಳಿಸಿ, “ಉಂಡಿಯೇನವ್ವಾ?” ಎಂದು ಬಾಯಲ್ಲಿ ಕೇಳಿದ. ನಾನು ಉಂಡಿರಲಿಲ್ಲ. ಹೂಂ ಅಂದೆ.