ಮೂರು ಊರಿಗೆ ಒಂದೇ ಕೀಲಿ

ನಮ್ಮ ಆಳಂದದ ಓಣಿಯಲ್ಲಿ ಬೀಗ ಹಾಕುವುದು ಮರ್ಯಾದೆಗೆ. ಕೀಲಿ ಮಾತ್ರ ಮಗ್ಗಲ ಮನೆಗೆ. ನಾವಿಲ್ಲದಾಗ ಬಂದ ನೆಂಟರು ಬಿಸಿಲಲ್ಲಿ ನಿಲ್ಲಬಾರದಲ್ಲ! ಈ ಘನ ಸಂಪ್ರದಾಯವನ್ನು ನಮ್ಮ ತೊಗರಿ ಬೆಳೆಗಾರರ ಸಂಘವು ತೊಂಬತ್ತರ ದಶಕದಲ್ಲಿ ಕಂಪ್ಯೂಟರಿಗೂ ವಿಸ್ತರಿಸಿತು.

ಆಳಂದ, ಅಫಜಲಪುರ, ಜೇವರ್ಗಿ, ಮೂರೂ ಕಚೇರಿಗೆ ಒಂದೊಂದು ಸರ್ವರ್ ಬಂತು. ಪ್ರತಿಯೊಂದರ ಹೊಟ್ಟೆಯಲ್ಲಿ ಟೆಲಿಫೋನ್ ತಂತಿ ಸಿಕ್ಕಿಸಿದ ಒಂದು ಕಾರ್ಡು. ಸರ್ವರ್ ಆರಿಸಿದರೂ ಅದು ಎಚ್ಚರವಿರುತ್ತಿತ್ತು. ಎಲ್ಲಿಂದಲೋ ಫೋನ್ ಹಚ್ಚಿ ಪಾಸ್‌ವರ್ಡ್ ಕೊಟ್ಟವರು ಸರ್ವರನ್ನು ಎಬ್ಬಿಸಬಹುದು, ಮಲಗಿಸಬಹುದು, ಒಳಗಿದ್ದದ್ದನ್ನೆಲ್ಲ ಪೂರಾ ತೊಳೆದೂ ಇಡಬಹುದು.

"ಕಂಪನಿ ಹಾಕಿಕೊಟ್ಟ ಪಾಸ್‌ವರ್ಡ್ ಎಲ್ಲಾ ಯಂತ್ರಕ್ಕೂ ಒಂದೇ ಇರ್ತದ್ರಿ. ಇವತ್ತೇ ಬದಲಿ ಮಾಡ್ರಿ," ಎಂದರು ಗುಲ್ಬರ್ಗಾದಿಂದ ಬಂದ ಎಂಜಿನಿಯರ್.

ಅಧ್ಯಕ್ಷರು ಒಪ್ಪಲಿಲ್ಲ. "ಕಂಪ್ಯೂಟರ್ ನೋಡೋ ಅಕ್ಕೋರು ಅಮಾಸಿಗೆ ಘತ್ತರಗಿ ದೇವಿ ದರ್ಶನಕ್ಕ ಹೋದ್ರಂದ್ರ ಅಫಜಲಪುರದವ್ರು ಫೋನ್ ಹಚ್ಚಿ ನಮ್ಮ ಸರ್ವರ್ ತಗೀಬೇಕಲ್ರಿ? ಒಂದೇ ಇರ್ಲಿ. ನಾವೇನು ಒಬ್ರಿಗೊಬ್ರು ಪರದೇಶಿ ಏನ್ರಿ?"

ಸಭೆ ಚಹಾ ಕುಡಿದು ಸರ್ವಾನುಮತದಿಂದ ಅಂಗೀಕರಿಸಿತು.

ಆ ಅಕ್ಕೋರು ನನ್ನ ಸ್ವಂತ ಅಕ್ಕ. ರಜೆಯ ದಿನ ಅಪ್ಪಣೆ ಪಡೆದು, ಅವ್ವನನ್ನು ಕಚೇರಿಗೆ ಕರೆದೊಯ್ದು ಅವಳ ಬೀಸುವ ಹಾಡುಗಳನ್ನು ಟೈಪ್ ಮಾಡಿ ಸರ್ವರಿನಲ್ಲಿ ಇಡುತ್ತಿದ್ದಳು. ಮೊದಲ ದಿನ ಅವ್ವನಿಗೆ ಒಂದೂ ಬರಲೊಲ್ಲದು. "ಸುಮ್ನ ಕುಂತ್ರ ಎಲ್ಲಿ ಬರ್ತಾವಬೇ? ಕೈ ತಿರುಗಬೇಕು," ಎಂದು ಮೇಜಿನ ಮೇಲೆ ಇಲ್ಲದ ಬೀಸುಕಲ್ಲನ್ನು ತಿರುಗಿಸತೊಡಗಿದಳು. ಆಮೇಲೆ ಅಕ್ಕನ ಬೆರಳುಗಳೇ ಹಿಂದೆ ಬಿದ್ದವು.

ಫ್ಲಾಪಿಯಲ್ಲಿ ಒಂದು ನಕಲು ಇಟ್ಟುಕೋ ಎಂದೆ. "ಅದು ಸಂಘದ ಸಾಮಾನು, ಮನೀದಲ್ಲ," ಎಂದಳು. ಸ್ವಂತ ಫ್ಲಾಪಿ ತರಲು ಗುಲ್ಬರ್ಗಾಕ್ಕೆ ಹೋಗಬೇಕಿತ್ತು. ಹೋಗೋಣ, ಹೋಗೋಣ ಎನ್ನುವಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಳು. ಜೋಳದ ರಾಶಿಯ ಹೊತ್ತಿಗೆ ಹೋಗಿಬಿಟ್ಟಳು.

ದಿನಕರ್ಮ ಮುಗಿಸಿ ಅಕ್ಕ ಕೆಲಸಕ್ಕೆ ಮರಳಿದಾಗ ಸರ್ವರ್ ಹಸುಗೂಸಿನಂತಿತ್ತು. ಅದಕ್ಕೆ ಏನೂ ಗೊತ್ತಿರಲಿಲ್ಲ. ಎಂಜಿನಿಯರ್ ಮತ್ತೆ ಬಂದು ಕಾರ್ಡನ್ನು ತಡಕಾಡಿ, "ಯಾರೋ ಫೋನ್ ಹಚ್ಚಿ, ಕಂಪನಿ ಪಾಸ್‌ವರ್ಡೇ ಹೊಡ್ದು ಒಳಗ ಬಂದು ಡಿಸ್ಕ್ ಅಳಿಸ್ಯಾರ್ರಿ. ಮರಳಿ ಬರಂಗಿಲ್ರಿ," ಎಂದರು. ಯಾರು, ಯಾಕೆ ಎಂಬುದು ಇವತ್ತಿಗೂ ತಿಳಿದಿಲ್ಲ.

ಸಂಘದ ಕೂದಲೂ ಕೊಂಕಲಿಲ್ಲ. ಅದರ ಕಾಗದಪತ್ರವೆಲ್ಲ ಕೆಂಪು ಬಟ್ಟೆಯ ಗಂಟುಗಳಲ್ಲಿ ಸುಖವಾಗಿತ್ತು. "ದೇವ್ರು ದೊಡ್ಡಾವ, ಏನೂ ಹೋಗಲಿಲ್ಲ," ಎಂದು ಅಧ್ಯಕ್ಷರು ಕೈ ಮುಗಿದರು. ಅಕ್ಕ ಅವರೆದುರೇ ಪಾಸ್‌ವರ್ಡ್ ಬದಲಿಸಿದಳು. ಈ ಸಲ ಸಭೆ ಕರೆಯಲಿಲ್ಲ.

ಸಂಜೆ ರೊಟ್ಟಿಗೆ ಹಿಟ್ಟು ನಾದುತ್ತ ಕೇಳಿದಳು: "ಲೇ ತಮ್ಮಾ, ಅವ್ವಂದು ಒಂದರ ಹಾಡು ನಿನಗ ನೆನಪದೇನೋ?"

ನನಗೆ ಒಂದು ಪೂರ್ತಿ ಬರುತ್ತಿತ್ತು. ಗಂಟಲು ಸರಿಪಡಿಸಿಕೊಂಡು ಶ್ರದ್ಧೆಯಿಂದ ಹಾಡಿದೆ. ಅಕ್ಕ ಕೈ ನಿಲ್ಲಿಸಿ ಕೊನೆಯತನಕ ಕೇಳಿದಳು.

"ಅದು ಅವ್ವಂದಲ್ಲೋ. ರೇಡಿಯೋದ್ದು."

ಮತ್ತೆ ಹಿಟ್ಟಿಗೆ ಕೈ ಹಚ್ಚಿದಳು.

"ಇರ್ಲಿ. ಇನ್ನೊಂದ್ಸಲ ಹಾಡು."