ನೆರಳಿಗೂ ಬಣ್ಣವಿದೆ

ಹುಣಸೂರಿನಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದವನು ನಾನು. ಫ್ಲೆಕ್ಸ್ ಬಂದ ಮೇಲೆ ನಮ್ಮನ್ನು ಕೇಳುವವರೇ ಇಲ್ಲ. ಹಾಗಾಗಿ ಹೋದ ವರ್ಷ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಹೋಟೆಲಿನವರು ತಮ್ಮ ಒಳಗೋಡೆಯ ಮೇಲೆ ಅದೇ ಸರ್ಕಲ್ಲಿನ ಚಿತ್ರ ಬರೆಯಲು ಕರೆದಾಗ ಹಿಗ್ಗಿ ಹೀರೇಕಾಯಿಯಾದೆ. ಎರಡು ದಿನದಲ್ಲಿ ಬಸ್ಸು, ಅಂಗಡಿ, ಜನ ಎಲ್ಲ ಬಂತು. ಜೀವ ಬರಲಿಲ್ಲ.

"ಭಾನ್ವಾರದ ತಂಕ ನೋಡ್ತೀನಿ ಪೇಂಟ್ರೇ. ಇಂಗೇ ಇದ್ರೆ ಅದರ ಮ್ಯಾಲೆ ಫ್ಲೆಕ್ಸ್ ಒಡುಸ್ಬುಡ್ತೀನಿ ಕಣ್ರೀ," ಎಂದರು ಹೋಟೆಲಿನವರು.

ನಾಚಿಕೆ ಬಿಟ್ಟು, ನನಗೆ ಕೆಲಸ ಕಲಿಸಿದ ಗುರುಗಳಿಗೆ ಫೋನ್ ಮಾಡಿದೆ. ಮರುದಿನ ಸಂಜೆಯ ಹೊತ್ತಿಗೆ ಕೆ.ಆರ್. ನಗರದಿಂದ ಬಂದರು. ಗೋಡೆ ನೋಡಿ ನಕ್ಕೇಬಿಟ್ಟರು.

"ಎಲ್ಲಕ್ಕೂ ಬಲಕ್ಕೇ ಕರಿ ನೆರಳು ಎಳ್ದಿದ್ದೀಯಲ್ಲೋ. ಬಸ್ಸೇನು ಅಕ್ಷರವಾ?"

ಅಕ್ಷರ ಎದ್ದು ಕಾಣಲೆಂದು ಅದರ ಬಲಕ್ಕೆ ಕಪ್ಪು ನೆರಳು ಕೊಡುವುದು ಬೋರ್ಡು ಬರೆಯುವವರ ಪದ್ಧತಿ. ಕೈ ತನ್ನಷ್ಟಕ್ಕೆ ಅದನ್ನೇ ಮಾಡಿತ್ತು. ನನಗೆ ರೇಗಿತು.

"ನೀವೇ ತಾನೆ ಕಲ್ಸಿದ್ದು?" ಎಂದೆ.

"ಅದು ಬೋರ್ಡಿಗೆ ಕಣ್ಲಾ. ಬಾ ಇಲ್ಲಿ," ಎಂದು ರಸ್ತೆಗೆ ಕರೆದೊಯ್ದರು.

ಆಗ ಸಂಜೆ ಐದು. ಮಳೆ ನಿಂತು ಬಿಸಿಲು ಬಿದ್ದಿತ್ತು. ನಿಂತ ಬಸ್ಸಿನ ನೆರಳು ಕಪ್ಪಾಗಿರಲೇ ಇಲ್ಲ, ನೀಲಿ! ಅಂಚಿನಲ್ಲಿ ತುಸು ನೇರಳೆ. ಹಳದಿ ಟಾರ್ಪಾಲಿನಡಿ ಬಾಳೆಹಣ್ಣು ಮಾರುವ ಹೆಂಗಸಿನ ಕೆನ್ನೆಗೆ, ಕೈಗೆ, ತಕ್ಕಡಿಗೂ ಆ ಹಳದಿ ಹತ್ತಿತ್ತು. ಅದೇ ಜಾಗದಲ್ಲಿ ಎಷ್ಟು ಸಲ ಬಸ್ಸಿಗೆ ಕಾದಿದ್ದೆನೋ, ಒಂದು ದಿನವೂ ನೋಡಿರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತೆ.

ಗುರುಗಳು ಒಳಗೆ ಬಂದು, ಬಿಳಿಗೆ ನೀಲಿ, ಚೂರೇ ಚೂರು ಕೆಂಪು ಕಲಸಿ, ನನ್ನ ಕಪ್ಪಿನ ಮೇಲೆ ಬಸ್ಸಿನ ನೆರಳೊಂದನ್ನೇ ಬರೆದರು. ಅಲ್ಲಿಯತನಕ ತೇಲುತ್ತಿದ್ದ ಬಸ್ಸು ರಸ್ತೆಯ ಮೇಲೆ ಬಂದು ನಿಂತಿತು.

"ಮಿಕ್ಕಿದ್ದು ನೀನೇ ಮಾಡ್ಕೊ. ಬತ್ತೀನಿ," ಎಂದು ಹೊರಟೇಬಿಟ್ಟರು.

ಮೂರು ದಿನ ಕಪ್ಪು ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಭಾನುವಾರ ಬೆಳಿಗ್ಗೆ ಹೋಟೆಲಿನವರು ಗೋಡೆಯ ಮುಂದೆ ಬಂದು ನಿಂತರು. ಬಸ್ಸು, ಅಂಗಡಿ, ಜನ ಒಂದೊಂದನ್ನೇ ನೋಡಿದರು.

"ಫ್ಲೆಕ್ಸು ಬ್ಯಾಡ ಬುಡಿ," ಎಂದರು ಕೊನೆಗೆ. ಮತ್ತೆ ನೋಡಿದರು. "ಇದು ಸಂಜೆ ಐದು ಗಂಟೆ ಅಲ್ವೇನ್ರೀ?"

ಮೂವತ್ತು ವರ್ಷ ನಾನು ಏನು ಹೇಳಬೇಕಾದರೂ ಅಕ್ಷರದಲ್ಲೇ ಹೇಳಿದ್ದೆ. ಈ ಗೋಡೆಯ ಮೇಲೆ ಒಂದಕ್ಷರವೂ ಇರಲಿಲ್ಲ, ಆದರೂ ಅವರು ಹೊತ್ತನ್ನು ಓದಿಕೊಂಡಿದ್ದರು. "ಔದು," ಎಂದೆ.