ಮೊದಲು ಮಾತಾಡಿ ಬರ್ರಿ

ಯಾದಗಿರಿಯ ನಮ್ಮ ಚರ್ಚಿನ ಸಭಾಪಾಲಕರು ಕರ್ತನ ಭೋಜನದ ರೊಟ್ಟಿ ಮುರಿಯುವ ಮುನ್ನ ಪ್ರತಿಸಲವೂ ಹೇಳುತ್ತಿದ್ದರು: "ಯಾರ ಜೋಡ್ಯರ ಮಾತು ಬಿಟ್ಟಿದ್ರ, ಮೊದ್ಲ ಮಾತಾಡಿ ಬರ್ರಿ."

ಒಂದು ಭಾನುವಾರ ಮುಂದಿನ ಸಾಲಿನ ಅಜ್ಜಿ ಅವರನ್ನೇ ಕೇಳಿಬಿಟ್ಟರು: "ತಮ್ಮನ ಜೋಡಿ ಮಾತು ಬಿಟ್ಟೀರಲ್ಲ, ನೀವ್ಯಾವಾಗ ಹೋಗ್ತೀರ್ರಿ?" ಅಂದು ಈಸ್ಟರ್ ಎಂದು ಕೆಲವರು ಹೇಳುವುದುಂಟು, ಆದರೆ ಎಲ್ಲರ ಕೈಯಲ್ಲೂ ತಾಳೆಗರಿಗಳಿದ್ದುದರಿಂದ ಅದರ ಹಿಂದಿನ ವಾರದ ಗರಿಗಳ ಭಾನುವಾರವೇ ಸರಿ.

ಸಭಾಪಾಲಕರು ರೊಟ್ಟಿಯ ಮೇಲೆ ಬಿಳಿ ವಸ್ತ್ರ ಹೊದಿಸಿ, ಸ್ಕೂಟರ್ ಏರಿ, ತಮ್ಮನಿದ್ದ ಮುದನಾಳಕ್ಕೆ ಹೋದರು. ನಾವು ಹಾಡುತ್ತ ಕಾದೆವು. ಒಬ್ಬರೇ ಮರಳಿದರು.

"ಅಂವ ಬಾಗ್ಲಾ ತೆಗೀಲಿಲ್ರಿ" ಎಂದು ಹೇಳಿ, ಎಲ್ಲರಿಗೂ ರೊಟ್ಟಿ ಹಂಚಿದರು.

"ನಿಮಗ?" ಎಂದರು ಅಜ್ಜಿ.

"ನಂದಿರ್ಲಿ ಯವ್ವಾ. ಅಂವ ಮಾತಾಡಿದ ಮ್ಯಾಲ ತಿಂತೀನಿ."

ಈಸ್ಟರಿನ ಬೆಳಿಗ್ಗೆ, ಗಂಟೆ ಬಾರಿಸುವ ಮೊದಲೇ, ಅವರ ಸ್ಕೂಟರ್ ಮುದನಾಳದ ಹಾದಿಯಲ್ಲಿತ್ತು.